ಮೆಣಸಿನ ಸಸಿಗೆ ಗೋಷಾ

ಹೊಸ ಸೊಸೆ ಮನೆಗೆ ಬಂದಾಗ ಅತ್ತೆಯಾದವಳು ಏನು ಮಾಡಬೇಕು? ಆರತಿ ಎತ್ತಬೇಕು, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯಲು ಹೇಳಬೇಕು, ಗಂಡನ ಹೆಸರು ಹೇಳುವ ತನಕ ಬಾಗಿಲು ಬಿಡಬಾರದು. ನಮ್ಮ ಅತ್ತೆ ಇದ್ಯಾವುದಕ್ಕೂ ಮೊದಲು ನನ್ನನ್ನು ಕೊಡವಿದರು! ಹೌದು, ಹಾಸಿಗೆ ಕೊಡವುವ ಹಾಗೆ. ಮಾವನವರು ಕ್ಯಾಮೆರಾದ ಧೂಳು ಒರೆಸಲು ಇಟ್ಟುಕೊಂಡಿದ್ದ ನವಿಲುಗರಿಯ ಕುಂಚ ತಂದು ನನ್ನ ಹೆಗಲು, ಬೆನ್ನು, ಸೆರಗು ಎಲ್ಲ ಝಾಡಿಸಿದರು. ಮುಡಿದ ಮಲ್ಲಿಗೆ ದಂಡೆಯನ್ನು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ಏನೂ ಇಲ್ಲ. ಒಳಗ ಬಾ" ಎಂದರು.

ಅಕ್ಕಲಕೋಟದಿಂದ ನನ್ನ ಜೊತೆ ಬಂದಿದ್ದ ತವರಿನವರು ಮುಖಮುಖ ನೋಡಿಕೊಂಡರು. ಸೊಲ್ಲಾಪುರ ದೊಡ್ಡ ಊರು, ಇಲ್ಲಿ ಹೀಗೂ ಒಂದು ಶಾಸ್ತ್ರ ಇರಬಹುದು ಎಂದು ಯಾರೂ ಬಾಯಿ ಬಿಡಲಿಲ್ಲ. ನನ್ನ ಚಿಕ್ಕಮ್ಮನಂತೂ ಮುಂದೆ ತನ್ನ ಮಗನ ಮದುವೆಯಲ್ಲಿ ಹೊಸ ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕೊಡವಿಯೇ ಬಿಟ್ಟಳು. ಅವರ ಮನೆಯಲ್ಲಿ ಆ ಪದ್ಧತಿ ಎಷ್ಟು ಕಾಲ ನಡೆಯಿತೋ ನನಗೆ ಗೊತ್ತಿಲ್ಲ.

ಆಮೇಲೆ ತಿಳಿಯಿತು, ಅತ್ತೆ ಹುಡುಕಿದ್ದು ಬಿಳಿ ನೊಣವನ್ನು. ಸಾಸಿವೆಗಿಂತ ಚಿಕ್ಕದು, ಮೈಗೆಲ್ಲ ಹಿಟ್ಟು ಹಚ್ಚಿಕೊಂಡಂತೆ ಬಿಳುಪು. ಲೋಕದಲ್ಲಿ ನಮ್ಮ ಅತ್ತೆಗೆ ಇದ್ದ ವೈರಿ ಅದೊಂದೇ. ಬೇರೆ ಯಾರ ಮೇಲಾದರೂ ಸಿಟ್ಟು ಮಾಡಲು ಅದು ಅವರಿಗೆ ಪುರಸೊತ್ತು ಕೊಡಲಿಲ್ಲ. ಸೊಸೆಯಾಗಿ ನಾನು ಸುಖವಾಗಿ ಬಾಳಿದ್ದರೆ ಅದರ ಪುಣ್ಯ ಆ ನೊಣಗಳಿಗೂ ಸ್ವಲ್ಪ ಸೇರಬೇಕು.

ನಮ್ಮ ಮಾವನವರು ಫೋಟೋ ತೆಗೆಯುವವರು. ಕೆಳಗೆ ಅಂಗಡಿ, ಅದರ ಹಿಂದೆ ಮನೆ, ಮಾಳಿಗೆಯ ಮೇಲೆ ಗಾಜಿನ ಖೋಲಿ. ವಿದ್ಯುದ್ದೀಪ ಇಲ್ಲದ ಕಾಲದಲ್ಲಿ ಫೋಟೋಕ್ಕೆ ಹಗಲ ಬೆಳಕೇ ಗತಿ. ಅದಕ್ಕೆಂದು ಉತ್ತರಕ್ಕೆ ಇಳಿಜಾರಾಗಿ ಗಾಜಿನ ಮಾಡು ಕಟ್ಟಿ, ಅದರ ಕೆಳಗೆ ತಂತಿಗೆ ಮಲಮಲ್ ಪರದೆ ಪೋಣಿಸಿದ್ದರು. ಪರದೆ ಎಳೆದರೆ ಬೆಳಕು ಮೆತ್ತಗಾಗಿ, ಎಂಥ ಒರಟು ಮೋರೆಯೂ ಫೋಟೋದಲ್ಲಿ ಸೌಮ್ಯವಾಗಿ ಬರುತ್ತಿತ್ತು. ಊರಿಗೆ ಕರೆಂಟು ಬಂದದ್ದೇ ತಡ, ಮಾವ ಬಲ್ಬಿಗೆ ಮರುಳಾಗಿ ಕ್ಯಾಮೆರಾ ಸಮೇತ ಕೆಳಗಿಳಿದರು. ಖೋಲಿ ಖಾಲಿಯಾಯಿತು.

ಬೇರೆಯವರಾಗಿದ್ದರೆ ಅಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನಮ್ಮ ಅತ್ತೆ ಹನ್ನೂರಿನ ಒಕ್ಕಲುತನದ ಮನೆಯ ಮಗಳು. ಮದುವೆಯಾಗಿ ಬಂದದ್ದು ಬಟ್ಟೆ ಗಿರಣಿಯ ಭೋಂಗಾ ಕೂಗಿದಾಗ ಏಳುವ ಊರಿಗೆ, ತುಳಸಿಕಟ್ಟೆಯಲ್ಲಿ ಬಿಟ್ಟರೆ ಮುಟ್ಟಲು ಮಣ್ಣೇ ಇಲ್ಲದ ಮನೆಗೆ. ಖೋಲಿ ಖಾಲಿಯಾದ ದಿನವೇ ತವರಿಗೆ ಹೇಳಿ ಕಳಿಸಿದರು. ಬೇರೆ ಹೆಣ್ಣುಮಕ್ಕಳಿಗೆ ತವರಿನಿಂದ ಕುಪ್ಪಸದ ಖಣ ಬರುತ್ತದೆ, ಉಂಡಿ ಬರುತ್ತದೆ. ಇವರಿಗೆ ಗೋಣಿಚೀಲದಲ್ಲಿ ಕರೀ ಮಣ್ಣು ಬಂತು, ಮೋಟಾರು ಬಸ್ಸಿನ ಟಪ್ಪಿನ ಮೇಲೆ! ಫೋಟೋದವರು ಗೋಡೆ ಕಟ್ಟಿಸುತ್ತಿದ್ದಾರೆ ಎಂದು ಓಣಿಯವರು ಮಾತಾಡಿಕೊಂಡರು.

ಸೊಲ್ಲಾಪುರದ ಬಿಸಿಲಿನಲ್ಲಿ ಮನುಷ್ಯರೇ ಹೊರಗೆ ನಿಂತರೆ ಹುರಿದು ಹೋಗುತ್ತಾರೆ, ಇನ್ನು ಗಾಜಿನೊಳಗಿಟ್ಟ ಗಿಡ ಬದುಕುತ್ತದೆಯೇ? ಅತ್ತೆ ಗಾಜಿಗೆ ಸುಣ್ಣ ಬಳಿದರು. ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟರು. ಚಳಿಗಾಲದಲ್ಲಿ ಟೊಮ್ಯಾಟೊ, ಬೇಸಿಗೆಯಲ್ಲಿ ಮೆಣಸಿನ ಸಸಿ. ಟೊಮ್ಯಾಟೊ ಆಗಿನ್ನೂ ಹೊಸದು. ಓಣಿಯ ಮುದುಕಿಯರು ಅದರ ಕೆಂಪು ನೋಡಿ ಮುಟ್ಟುತ್ತಲೇ ಇರಲಿಲ್ಲ. ಬಂದವರಿಗೆ ಅತ್ತೆ ಹಣ್ಣು ಕೊಡುವುದು ಕಡಿಮೆ, ಭಾಷಣ ಕೊಡುವುದು ಹೆಚ್ಚು.

ಇದೆಲ್ಲ ನಾನು ಬರುವ ಮೊದಲಿನ ಸಂಗತಿ, ನನ್ನ ಗಂಡ ಹೇಳಿದ್ದು. ಒಂದು ವರ್ಷ ಎಲೆಗಳು ಮುದುಡತೊಡಗಿದವಂತೆ. ಅಂಚು ಮೇಲೆ ಸುತ್ತಿಕೊಂಡು, ನರ ಹಳದಿಯಾಗಿ, ಗಿಡ ಗಿಡ್ಡಗೆ ನಿಂತುಬಿಟ್ಟಿತು. ಹೊಲದಲ್ಲಿ ಇದಕ್ಕೆ ಮುಟುರು ರೋಗ ಅನ್ನುತ್ತಾರೆ. ಅತ್ತೆ ಅಪರಾಧಿಯನ್ನು ಹುಡುಕತೊಡಗಿದರು. ಮೊದಲು ಸಿಕ್ಕವರು ಮಾವ. ಅವರು ಫೋಟೋದ ಪ್ಲೇಟು ತೊಳೆಯುವ ಔಷಧಿಯ ವಾಸನೆಯೇ ಕಾರಣವೆಂದು ತೀರ್ಮಾನವಾಗಿ, ಮಾವ ಕೈಕಾಲು ತೊಳೆಯದೆ ಮೆಟ್ಟಿಲು ಹತ್ತುವಂತಿರಲಿಲ್ಲ. ಆಮೇಲೆ ಗಿರಣಿಯ ಹೊಗೆ. ಆಮೇಲೆ ಬಾವಿಯ ನೀರು. ಆಮೇಲೆ, ಗಿಡ ಎಷ್ಟು ಚೆನ್ನಾಗಿದೆ ಎಂದು ಹೊಗಳಿದ ಎದುರುಮನೆಯಾಕೆಯ ಕಣ್ಣು. ಪಾಪ, ಆಕೆ ಆಮೇಲೆ ನಮ್ಮ ಮನೆಯಲ್ಲಿ ಯಾವುದನ್ನೂ ಹೊಗಳಲಿಲ್ಲ, ಊಟವನ್ನೂ ಸಹ.

ಆದರೆ ಒಂದು ಮೂಲೆಯಲ್ಲಿ, ಮಾವನ ಹಳೆಯ ಮಲಮಲ್ ಪರದೆ ಜಾರಿ ನೆಲದ ತನಕ ಇಳಿಬಿದ್ದಿದ್ದ ಕಡೆ, ಅದರ ಹಿಂದಿನ ಗಿಡಗಳು ಮಾತ್ರ ಚೆನ್ನಾಗಿದ್ದವು. ಅದೇ ಮಣ್ಣು, ಅದೇ ನೀರು, ಅದೇ ಹೊಗೆ. ಅತ್ತೆ ಅಲ್ಲಿ ಕೂತು ನೋಡಿದರು, ಬರೀ ನೋಡಿದರು. ಮುದುಡಿದ ಗಿಡ ಅಲುಗಿಸಿದರೆ ಹಿಟ್ಟು ಹಾರಿದ ಹಾಗೆ ನೊಣ ಏಳುತ್ತವೆ. ಪರದೆಯ ಒಳಗೆ ಒಂದೂ ಇಲ್ಲ.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಕಂದೀಲಿನ ಗಾಜುಗಳನ್ನು ತಂದು, ಪರದೆಯೊಳಗಿನ ಎಳೆ ಸಸಿಗಳ ಮೇಲೆ ಒಂದೊಂದು ಮುಚ್ಚಿ, ಗಾಜಿನ ಬಾಯಿಗೆ ಬಟ್ಟೆ ಕಟ್ಟಿದರು. ಕೆಲವು ಗಾಜಿನೊಳಗೆ ಮುದುಡಿದ ಗಿಡದ ಮೇಲಿನ ನೊಣ ಬಿಟ್ಟರು, ಕೆಲವಕ್ಕೆ ಬಿಡಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ನೊಣ ಬಿಟ್ಟ ಸಸಿಗಳು ಮುದುಡಿದವು, ಉಳಿದವು ನೆಟ್ಟಗೆ ನಿಂತವು. ಕಂದೀಲುಗಳೆಲ್ಲ ಗಾಜಿಲ್ಲದೆ ಕೂತಿದ್ದರಿಂದ ಅಷ್ಟು ದಿನ ಮನೆಯವರು ಕತ್ತಲೆಯಲ್ಲಿ ಎಡವಿದರು. ಕರೆಂಟು ಅಂಗಡಿಗೆ ಮಾತ್ರ ಬಂದಿತ್ತು, ಅಡುಗೆಮನೆಗೆ ಇನ್ನೂ ಬಂದಿರಲಿಲ್ಲ!

ಹೀಗೆ ಖೋಲಿಗೆಲ್ಲ ಮಲಮಲ್ ಪರದೆಯಾಯಿತು. ಅದರ ಮೇಲೆ ನಾನು ಬಂದೆ, ಕೊಡವಿಸಿಕೊಂಡೆ.

ಆ ಸಂಕ್ರಾಂತಿಗೆ ತವರಿನಿಂದ ನನಗೊಂದು ಸೀರೆ ಬಂತು, ಅರಿಶಿನದ ಬಣ್ಣದ್ದು. ಉಟ್ಟು ಸಡಗರದಿಂದ ಮೇಲೆ ಹೋದೆ, ಅತ್ತೆಗೆ ತೋರಿಸಿ ನಮಸ್ಕಾರ ಮಾಡೋಣ ಅಂತ. ಪರದೆಯ ಹೊರಗೆ ಬಾಗಿಲ ಬಳಿ ಮುದುಡಿದ ಗಿಡಗಳ ಸಾಲೊಂದಿತ್ತು. ನೊಣದ ಮೇಲೆ ಕಣ್ಣಿಡಲು ಅತ್ತೆ ಬೇಕೆಂದೇ ಉಳಿಸಿಕೊಂಡಿದ್ದರು. ನಾನು ಬಗ್ಗುವಷ್ಟರಲ್ಲಿ ಅವರು ಕೈ ಎತ್ತಿದರು.

"ನಿಂದ್ರು. ಅಲ್ಲೇ ನಿಂದ್ರು. ಅಳ್ಳಾಡಬ್ಯಾಡ."

"ಏನಾತ್ರಿ ಅತ್ತಿ?"

"ಎಲ್ಲಾ ನಿನ್ನ ಮ್ಯಾಲೆ ಬಂದು ಕುಂಡ್ರಾಕತ್ತಾವ."

ನೋಡಿದರೆ ನೊಣಗಳು ಗಿಡ ಬಿಟ್ಟು ನನ್ನ ಸೀರೆಯ ನೆರಿಗೆಗೆ ಮುತ್ತಿದ್ದವು. ನನಗೆ ಅಳು ಬಂತು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿದ್ದಂಥ ಪ್ರೀತಿ ನಾನು ಆ ಮೊದಲು ಕಂಡಿರಲಿಲ್ಲ. ಹಳದಿ ಎಂದರೆ ಈ ನೊಣಕ್ಕೆ ಜೀವ ಎಂಬ ಸಂಗತಿ ಅವರಿಗೆ ಆಗ ಹೊಳೆಯಿತು. ಸಂಜೆಯೊಳಗೆ ಸೀರೆ ನನ್ನ ಮೈಮೇಲಿಂದ ಬಿದಿರಿನ ಗಳುವಿಗೆ ಹೋಯಿತು. ಅದಕ್ಕೆ ಔಡಲೆಣ್ಣೆ ಬಳಿದು ಬಾಗಿಲಿಗೆ ಅಡ್ಡಲಾಗಿ ತೂಗುಹಾಕಿದರು. ಬಂದ ನೊಣ ಎಣ್ಣೆಗೆ ಅಂಟಿಕೊಂಡು ಅಲ್ಲೇ ಕೂತಿತು. ನಾನು ಗಂಡನ ಮುಂದೆ ಹೇಳಿಕೊಂಡು ಅತ್ತರೆ, ಅವರು ಸಮಾಧಾನ ಮಾಡಿದ ರೀತಿ ಹೀಗಿತ್ತು: "ನಮ್ಮವ್ವ ನಿನ್ನ ಸೀರಿ ಕೇಳಿ ಇಸಗೊಂಡಾಳಂದ್ರ ನೀ ಈ ಮನಿಯಾಕಿ ಆದಿ."

ಸುದ್ದಿ ಹೇಗೋ ಅಕ್ಕಲಕೋಟಕ್ಕೆ ಮುಟ್ಟಿತು. ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮಪ್ಪ, ಮಗಳು ಏನು ತಪ್ಪು ಮಾಡಿದಳೆಂದು ಸೀರೆಗೆ ಎಣ್ಣೆ ಬಳಿದರು ಎಂದು ಕೇಳಲು ಕೋಟು ಹಾಕಿಕೊಂಡು ಬಂದರು. ಅತ್ತೆ ಶೇಂಗಾ ಹೋಳಿಗೆ ಬಡಿಸಿ, ಮೇಲೆ ಕರೆದೊಯ್ದು, ಗುಡಿ ತೋರಿಸುವಂತೆ ಸೀರೆ ತೋರಿಸಿದರು. "ನಿಮ್ಮ ಸೀರಿ ನನ್ನ ಗಿಡಾ ಉಳಿಸ್ಯಾದ್ರಿ" ಎಂದರು. ಜಗಳಕ್ಕೆ ಬಂದ ಅಪ್ಪ ಹೊರಡುವಾಗ, ಇನ್ನೂ ಒಂದು ಹಳದಿ ಸೀರೆ ಕಳಿಸಲೇ ಎಂದು ಕೇಳಿದರು! ಅತ್ತೆ ನನಗೆ ಬದಲಿಗೆ ಇಳಕಲ್ಲ ಸೀರೆ ತಂದರು, ಕಡುನೀಲಿಯದು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಹಳದಿ ಉಡಲಿಲ್ಲ, ಚೆಂಡುಹೂವು ಹೊಸ್ತಿಲು ದಾಟಲಿಲ್ಲ.

ಗಿರಾಕಿಗಳ ಪಾಡು ಕೇಳಬೇಡಿ. ತಡವಳ ಕಡೆಯ ಜಮೀನ್ದಾರರೊಬ್ಬರು ಬಂದರು. ಅವರಿಗೆ ಕೆಳಗಿನ ಬಲ್ಬಿನ ಫೋಟೋ ಬೇಡ, ಮೇಲೆ ವಿಲಾಯತಿ ಗಿಡಗಳ ನಡುವೆ ಕೂತದ್ದೇ ಬೇಕು. ತಲೆಯ ಮೇಲೆ ಮೊಳದೆತ್ತರದ ಹಳದಿ ರುಮಾಲು. ಅತ್ತೆ ಮೆಟ್ಟಿಲ ಮೇಲೆ ನಿಂತು, ರುಮಾಲು ಕೆಳಗಿಟ್ಟು ಬರಬೇಕೆಂದರು. ಬರಿದಲೆಯಲ್ಲಿ ಫೋಟೋ ತೆಗೆಸುವುದಕ್ಕಿಂತ ಸಾಯುವುದು ಮೇಲೆಂದು ಅವರೂ ಅಲ್ಲೇ ನಿಂತರು. ಅವರು ಇಳಿಯರು, ಇವರು ಬಿಡರು. ಕೊನೆಗೆ ಮಾವ ಮೆಲ್ಲಗೆ ಒಂದು ಮಾತು ಹೇಳಿದರು: ಹಳದಿ ಫೋಟೋದಲ್ಲಿ ಕಪ್ಪಗೆ ಬರುತ್ತದೆ, ತಿಳಿನೀಲಿ ಉಟ್ಟರೆ ಬೆಳ್ಳಗೆ ಹೊಳೆಯುತ್ತದೆ. ಅದು ಆಗಿನ ಪ್ಲೇಟುಗಳ ಗುಣ, ನಿಜವೇ. ಜಮೀನ್ದಾರರು ನಮ್ಮ ಅಂಗಡಿಯ ನೀಲಿ ರುಮಾಲು ಸುತ್ತಿಕೊಂಡು ಟೊಮ್ಯಾಟೊಗಳ ನಡುವೆ ಕೂತರು. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಮುಂದೆ ಅವರ ಮನೆತನದವರೆಲ್ಲ ನೀಲಿ ರುಮಾಲಿಗೇ ಇಳಿದರು. ನಮ್ಮ ಮಾವ ಜೀವಮಾನದಲ್ಲಿ ಹೆಂಡತಿಗೆ ಎದುರಾಡಿದವರಲ್ಲ. ಆದರೆ ಅವರು ಬಾಯಿ ತೆರೆದಾಗಲೆಲ್ಲ ಆಕೆಯ ದಾರಿಯೊಳಗಿನ ಒಂದು ಕಲ್ಲು ಸರಿಯುತ್ತಿತ್ತು.

ಇನ್ನೊಮ್ಮೆ ಫೋಟೋಕ್ಕೆ ಬಂದವರು ಸರಕಾರದ ಶೇತಕಿ ಖಾತೆಯ ಸಾಹೇಬರು, ಒಕ್ಕಲುತನದ ವಿದ್ಯೆ ಓದಿದವರು. ಅತ್ತೆಯ ಕಂದೀಲಿನ ಕಥೆಯನ್ನು ಅವರು ನಗದೆ ಕೇಳಿದರು. ಪರದೇಶದ ಗಾಜಿನ ಮನೆಗಳಲ್ಲೂ ಇಂಥ ರೋಗವಿದೆ, ಅಲ್ಲಿಯವರೂ ಹುಳಗಳ ಮೇಲೆಯೇ ಅನುಮಾನ ಪಡುತ್ತಾರೆ, ರೋಗದ ವಿಷ ಎಷ್ಟು ಸಣ್ಣದೆಂದರೆ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ, ಅದಕ್ಕೆ ವೈರಸ್ ಅನ್ನುತ್ತಾರೆ ಎಂದು ತಾಳ್ಮೆಯಿಂದ ತಿಳಿಸಿಕೊಟ್ಟರು. ತನಗಿಂತ ಮೊದಲು ಪರದೇಶದವರಿಗೆ ಇದನ್ನು ಹೇಳಿದವರು ಯಾರು ಎಂದು ಅತ್ತೆಗೆ ಸ್ವಲ್ಪ ಅಸಮಾಧಾನವಾಯಿತು. ಆದರೆ ಹೆಸರು ಮಾತ್ರ ಬಹಳ ಹಿಡಿಸಿತು.

"ವೈರ ಅದ, ರಸ ಅದ" ಎಂದು ನನಗೆ ಬಿಡಿಸಿ ಹೇಳಿದರು. "ನೊಣ ರಸ ಹೀರತದ, ವೈರ ಬಿಟ್ಟು ಹೋಗತದ. ಚಲೋ ತಿಳಕೊಂಡೇ ಹೆಸರಿಟ್ಟಾರ."

ಇಷ್ಟೆಲ್ಲ ತಿಳಿದ ಮೇಲೆ ಅತ್ತೆಗೆ ತವರಿನ ಚಿಂತೆ ಹತ್ತಿತು. ಹನ್ನೂರಿನಲ್ಲಿ ಅವರ ತಮ್ಮ ಬಾವಿಯ ನೀರಿನ ಮೇಲೆ ಮೆಣಸಿನಕಾಯಿ ಬೆಳೆಯುತ್ತಿದ್ದರು. ವರ್ಷವರ್ಷವೂ ಮುಟುರು. ಅವರು ಹೊಲದ ನಡುವೆ ಹಳೆಯ ಚಪ್ಪಲಿ ತೂಗುಹಾಕಿದ್ದರು, ಮಂತ್ರಿಸಿದ ನಿಂಬೆಹಣ್ಣು ಹೂತಿದ್ದರು. ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿ, ಸಸಿಯ ಮಡಿಗೆ ತೆಳು ಬಟ್ಟೆ ಮುಚ್ಚಿ ಬೆಳೆಸೆಂದು ತಮ್ಮನಿಗೆ ಹೇಳಿದರು. ಎಳೆತನದಲ್ಲಿ ನೊಣ ಮುಟ್ಟದಿದ್ದರೆ ಆಮೇಲೆ ಗಿಡ ತಡೆದುಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಕಟ್ಟೆಯ ಮೇಲೆ ಕೂತ ನಾಲ್ಕು ಜನರ ಎದುರಿಗೇ ತಮ್ಮ ನಕ್ಕರು.

"ಮೆಣಸಿನ ಸಸಿಗೆ ಗೋಷಾ ಹಾಕಂತೀಯೇನಕ್ಕಾ? ಹಂಗಾದ್ರ ನಾಳಿ ಬದನಿಕಾಯಿ ಪ್ಯಾಟಿಗೆ ಹೋಗಾಕ ಮೇಣೆನೂ ಬೇಕಾಗತದ."

ಮುಸುಕು ಹಾಕಿದ ಬದನೆಕಾಯಿ ಪಲ್ಲಕ್ಕಿಯಲ್ಲಿ ಹೋಗುವುದನ್ನು ನೆನೆದು ಕಟ್ಟೆಯೆಲ್ಲ ನಕ್ಕಿತು. ಅತ್ತೆ ಉಣ್ಣದೆ ಎದ್ದರು. ಅವತ್ತೇ ಸೊಲ್ಲಾಪುರದ ಮೋಟಾರು ಹತ್ತಿದರು.

ಮರುವರ್ಷ ಬೇಸಿಗೆಯಲ್ಲಿ ಖೋಲಿಯ ತುಂಬ ಮೆಣಸಿನ ಸಸಿ ಎಬ್ಬಿಸಿದರು. ಮಳೆ ಹಿಡಿಯುತ್ತಲೇ ಬುಟ್ಟಿಗಳಲ್ಲಿ ಜೋಡಿಸಿ, ಮೇಲೆ ಮಲಮಲ್ ಹೊದಿಸಿ, ನಾವಿಬ್ಬರೂ ಮೋಟಾರು ಹತ್ತಿದೆವು. ಮಡಿಲಲ್ಲಿದ್ದ ಬುಟ್ಟಿ ನೋಡಿ ಪಕ್ಕದ ಹೆಂಗಸು ಮರಾಠಿಯಲ್ಲಿ, ಕೂಸು ಮಲಗಿದೆಯೇ ಎಂದು ಕೇಳಿದಳು. ಅತ್ತೆ ಹೌದೆಂದು ತಲೆಯಾಡಿಸಿ ತುಟಿಯ ಮೇಲೆ ಬೆರಳಿಟ್ಟರು. ಅಕ್ಕಲಕೋಟ ಬರುವ ತನಕ ಇಡೀ ಮೋಟಾರು ಪಿಸುಮಾತಿನಲ್ಲಿ ಮಾತಾಡಿತು. ತಗ್ಗಿನಲ್ಲಿ ಗಾಡಿ ಎಗರಿದಾಗಲೆಲ್ಲ ಜನ ಡ್ರೈವರನನ್ನು ಬೈದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತೆ.

ಬಾಗಿಲಿಗೆ ಬಂದ ಅಕ್ಕನನ್ನು ತಮ್ಮ ತಿರುಗಿ ಕಳಿಸುವ ಹಾಗಿಲ್ಲ. ಬಾವಿಯ ಪಕ್ಕದ ಅರ್ಧ ಹೊಲ ಬಿಟ್ಟುಕೊಟ್ಟರು. ಉಳಿದರ್ಧಕ್ಕೆ ತಾವೇ ಬೆಳೆಸಿದ ಸಸಿ ನಾಟಿದರು. ದಸರೆಯ ಹೊತ್ತಿಗೆ ಅವರ ಕಡೆಯದು ಮುದುಡಿ ನಿಂತಿತ್ತು. ಅತ್ತೆಯ ಕಡೆಯದು ಸೊಂಟದೆತ್ತರ ಹಸಿರಾಗಿತ್ತು. ಪೂರ್ತಿ ಪವಾಡವೇನಲ್ಲ, ಕೊನೆಕೊನೆಗೆ ಅಲ್ಲಿಗೂ ನೊಣ ಹತ್ತಿದವು, ಆದರೆ ಅಷ್ಟರಲ್ಲಿ ಗಿಡ ಬಾಗುವಷ್ಟು ಕಾಯಿ ಹಿಡಿದಿತ್ತು. ಅಕ್ಕಾ ನಿನ್ನದೇ ಖರೆ ಎಂದು ತಮ್ಮ ಹೇಳಿದರೇ? ಛೆ. ಬರುವ ವರ್ಷ ಎರಡೂ ಕಡೆಗೆ ಆಗುವಷ್ಟು ಸಸಿ ಕೊಡು ಅಂದರು, ಅಷ್ಟೇ. ಆ ದಿನ ಅತ್ತೆ ತವರಿನಲ್ಲಿ ಮತ್ತೆ ಮತ್ತೆ ಕೇಳಿ ಬಡಿಸಿಕೊಂಡು ಉಂಡರು.

ಆದರೆ ಆ ಬರುವ ವರ್ಷ, ಸಸಿ ಬೆರಳುದ್ದ ಬೆಳೆದಿದ್ದಾಗ, ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಆಣೆಕಲ್ಲು ಸುರಿಯಿತು. ನಿಂಬೆಗಾತ್ರದ ಕಲ್ಲು. ಗಾಜಿನ ಮಾಡು ಒಡೆಯುವ ಸದ್ದು ಕೇಳಿ ನಾನು ಮೇಲೆ ಓಡಿದರೆ, ಅತ್ತೆ ತಲೆಯ ಮೇಲೊಂದು ಮೊರ ಹಿಡಿದು ಮಡಿಯ ಮೇಲೆ ಬಗ್ಗಿ ನಿಂತಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಮಾವ ಬಂದು, ಯಾರ ಎದುರಿಗೂ ಎಂದೂ ಹಿಡಿಯದ ಅವರ ಕೈ ಹಿಡಿದು, ಮೆಟ್ಟಿಲಿಳಿಸಿ ಕರೆತಂದರು.

ಒಡೆದಲ್ಲೆಲ್ಲ ಸಿಕ್ಕಿದ್ದನ್ನು ಹೊದಿಸಿದೆವು: ಧೋತರ, ದುಪ್ಪಟಿ, ಕೊನೆಗೆ ಮಾವ ಅಂಗಡಿಯಲ್ಲಿ ಗಿರಾಕಿಯ ಬೆನ್ನ ಹಿಂದೆ ಕಟ್ಟುವ ಬಣ್ಣದ ಪರದೆಯನ್ನೇ ತಂದುಕೊಟ್ಟರು. ಅದರಲ್ಲಿ ಅರಮನೆ, ಕೊಳ, ಹಂಸ ಎಲ್ಲ ಇದ್ದವು. ನಮ್ಮ ಖೋಲಿಯ ಆಕಾಶದಲ್ಲಿ ಹಂಸಗಳು ತಲೆಕೆಳಗಾಗಿ ಈಜಿದವು. ಆದರೂ ನೊಣ ಒಳಗೆ ಬಂದವು. ಸ್ವಲ್ಪ ದಿನಕ್ಕೆ ಕೆಲವು ಸಸಿಗಳ ತುದಿ ಸುತ್ತಿಕೊಂಡಿತು.

ಕೆಲವು ಮಾತ್ರ. ಉಳಿದವು ನೋಡಲು ಲಕ್ಷಣವಾಗಿದ್ದವು. ಕಳಿಸಿಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ಗಂಡ ಅಂದರು. ಅತ್ತೆ ಅವರನ್ನು ಸಿಟ್ಟಿಲ್ಲದೆ ನೋಡಿದರು.

"ನನಗ ಗೊತ್ತದಲ್ಲಪಾ. ತಮ್ಮನ ಹೊಲಕ್ಕ ನಾನೇ ರೋಗ ಹೊತಗೊಂಡು ಹೋಗ್ಲಿ?"

ಎಲ್ಲವನ್ನೂ ಕಿತ್ತರು. ನಾನು ಕೈ ಹಾಕಲು ಹೋದರೆ ಬೇಡವೆಂದರು. ಗೋಣಿಚೀಲದಲ್ಲಿ ತುಂಬಿ ಬಚ್ಚಲ ಒಲೆಗೆ ತಾವೇ ಹಾಕಿದರು. ಈ ವರ್ಷ ಸಸಿ ಇಲ್ಲ, ನಿನ್ನ ವ್ಯವಸ್ಥೆ ನೀನು ನೋಡಿಕೋ ಎಂದು ಮೋಟಾರಿನ ಡ್ರೈವರನ ಕೈಲಿ ಹನ್ನೂರಿಗೆ ಹೇಳಿ ಕಳಿಸಿದರು.

ಆಮೇಲೆ ಅವರು ಮೇಲೆ ಹೋಗಲಿಲ್ಲ. ಗಾಜು ಹಾಕಿಸಿದ್ದಾಯಿತು, ಆದರೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ನನ್ನ ರೊಟ್ಟಿ ದಪ್ಪವಾಯಿತು ಅಂದರು, ಸಾರಿಗೆ ಉಪ್ಪು ಹೆಚ್ಚಾಯಿತು ಅಂದರು. ಎಲ್ಲರ ಅತ್ತೆಯರ ಹಾಗೆ ಆಗಿಬಿಟ್ಟರು! ನನಗೆ ನಿಜವಾಗಿ ಭಯವಾದದ್ದು ಆಗಲೇ. ಮಾವ ಅಂಗಡಿಯಲ್ಲಿ ಗಿರಾಕಿ ಇರಲಿ ಬಿಡಲಿ, ಆಗಾಗ ಒಳಗೆ ಬಂದು ಆಕೆಯನ್ನು ನೋಡಿ ಹೋಗುತ್ತಿದ್ದರು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಹನ್ನೂರಿನ ತಮ್ಮ ಬಾಗಿಲಿಗೆ ಬಂದರು. ತೋಯ್ದು ತೊಪ್ಪೆಯಾಗಿದ್ದರು. ತಲೆಯ ಮೇಲಿದ್ದ ದೊಡ್ಡ ಬುಟ್ಟಿಯನ್ನು ಇಳಿಸಿ, ಅಕ್ಕನ ಮುಖ ನೋಡದೆ ಅದರ ಹೊದಿಕೆ ಸರಿಸಿದರು. ಒಳಗೆ ಮೆಣಸಿನ ಸಸಿ, ಒಂದು ಎಲೆಯೂ ಮುದುಡಿರಲಿಲ್ಲ.

"ಎಲ್ಲೀವು ಇವು?" ಎಂದರು ಅತ್ತೆ.

"ನಮ್ಮ ಬಾಂವಿ ಮಡೀವು. ನೀ ಹೇಳಿದಂಗ ಗೋಷಾ ಹಾಕೇ ಬೆಳೆಸೀನಿ. ಹೊಲಕ್ಕ ಆಗೋವಷ್ಟು ನಾಟೀನಿ, ಇವು ನಿನಗ. ನಿನ್ನ ಖೋಲಿ ಖಾಲಿ ಇರಬಾರದು."

ಅತ್ತೆಯ ಕಣ್ಣು ಸಸಿಯ ಮೇಲಿರಲಿಲ್ಲ. ಬುಟ್ಟಿಯ ಹೊದಿಕೆಯ ಮೇಲಿತ್ತು. ಅದು ಹಳೆಯ ಸೀರೆ, ಬಣ್ಣ ಹೋಗಿ ಇಂಥದೆಂದು ಹೇಳಲು ಬಾರದಂತಾಗಿತ್ತು. ಅಕ್ಕ ಬಾಯಿ ತೆರೆಯುವ ಮೊದಲೇ ತಮ್ಮ ತಪ್ಪು ಮಾಡಿದವರ ಹಾಗೆ ಹೇಳತೊಡಗಿದರು.

"ಹಳ್ಳ್ಯಾಗ ಮಲಮಲ್ ಎಲ್ಲಿಂದ ತರ್ಲಿ ಅಕ್ಕಾ? ಟ್ರಂಕಿನ್ಯಾಗ ಅವ್ವನ ಸೀರಿ ಇದ್ವು. ಉಟ್ಟು ಉಟ್ಟು ತೆಳ್ಳಗಾಗ್ಯಾವ. ಬೆಳಕು ಹಾಯತದ, ನೊಣ ಹಾಯಂಗಿಲ್ಲ."

ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ಆಕೆಯನ್ನು ನೋಡಿದವಳಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತು ಸೀರೆಯನ್ನು ಮಡಿಲಿಗೆಳೆದುಕೊಂಡು ಅಂಚಿನುದ್ದಕ್ಕೂ ಏನನ್ನೋ ಹುಡುಕಿದರು. ಒಂದು ಕಡೆ ಅವರ ಬೆರಳು ನಿಂತಿತು. ಅಲ್ಲಿ ಹರಿದದ್ದನ್ನು ಯಾರೋ ದಪ್ಪ ದಾರದಿಂದ ಹೊಲಿದಿದ್ದರು, ಕೈ ಪಳಗದ ಹುಡುಗಿಯ ಹೊಲಿಗೆ.

"ನೀ ಸಣ್ಣಾಕಿದ್ದಾಗ ಹಾಕಿದ ಹೊಲಿಗಿ ಅಂತ ಅವ್ವ ಹೇಳತಿದ್ಲು" ಎಂದರು ತಮ್ಮ. "ಗಟ್ಟಿ ಅದ. ಅಲ್ಲಿಂದ ಒಂದ್ ನೊಣಾನೂ ಒಳಗ ಹೋಗಿಲ್ಲ."

ಅತ್ತೆ ತಮ್ಮನನ್ನು ಹತ್ತಿರ ಕರೆದು, ಮೆಟ್ಟಿಲ ಮೇಲೆ ಕೂಡಿಸಿ, ಆ ಸೀರೆಯ ಸೆರಗಿನಿಂದ ಅವರ ಒದ್ದೆ ತಲೆಯನ್ನು ಒರೆಸತೊಡಗಿದರು.